ಭಾನುವಾರ ಕಾದಂಬರಿ ತರುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಧಾರವಾಡದ ಸಾಧನಕೇರಿ ಕೆರೆ ಹತ್ತಿರ ಸೇರೋಣ. ಮಳೆ ಬಂದರೆ ನಮ್ಮ ಮನೆ. ಚಹಾ ನನ್ನದು, ಮಿರ್ಚಿ ಬರುವವರದ್ದು.

ನೀವು ಬರೆದ ಕಾದಂಬರಿ ಪೂರ್ತಿ ತರಬೇಡಿ. ಮೊದಲ ಅಧ್ಯಾಯ, ಒಂದು ಪುಟದ ಸಾರಾಂಶ ಸಾಕು. ಸಾರಾಂಶದಲ್ಲಿ ಕೊನೆಗೆ ಏನಾಗುತ್ತದೆ ಅಂತ ಬರೆಯಲೇಬೇಕು. ‘ಮುಂದೇನು, ಓದಿ ನೋಡಿ’ ಅಂದರೆ ಪ್ರಕಾಶಕರು ಓದುವುದಿಲ್ಲ, ಅಷ್ಟೇ.

ಇದು ಅನುಭವಿಸಿ ಹೇಳುತ್ತಿರುವುದು: ನಾನು ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಪ್ರಕಾಶಕರಿಗೆ ಕಳಿಸಿದ್ದೆ. ಆ ಕಡೆ ತೆರೆದಾಗ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಎಂಟು ತಿಂಗಳು ಸುಮ್ನೆ ಕಾದೆ! ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಕನ್ನಡವಾಗೇ ಕಾಣುವ ಯೂನಿಕೋಡ್‌ನಲ್ಲೇ ಕಳಿಸಿ, ಜೊತೆಗೊಂದು ಪಿಡಿಎಫ್ ಇಡಿ. ಫಾಂಟ್ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ನೋಡಿಕೊಳ್ಳಿ. ಅಲ್ಲೇ ತಪ್ಪು ಜಾಸ್ತಿ.

ನಮ್ಮ ಊರಲ್ಲೇ 1933ರಿಂದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆ ಇದೆ. ಅದರ ಕಚೇರಿ ಇರುವ ಅಟ್ಟ ಹತ್ತಲು ಹೊಸಬರು ಹೆದರುತ್ತಾರೆ. ಹೆದರಿಕೆ ಯಾಕೆ? ಅವರು ಎಂಥ ಪುಸ್ತಕ ತರುತ್ತಾರೆ ಅಂತ ಮೊದಲು ನಾಲ್ಕು ತಿರುವಿ ನೋಡಿ.

ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸುವವರು ಗಮನಿಸಿ. ಅಚ್ಚಿನ ಲೆಕ್ಕ ಫಾರಂನಲ್ಲಿ, ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ. 161 ಪುಟವಾದರೆ 11ನೇ ಫಾರಂ ಶುರು. ಒಂದು ಪ್ಯಾರಾ ಕತ್ತರಿಸಿದರೆ ಹಣ ಉಳಿಯುತ್ತದೆ. ಕಾದಂಬರಿಯೂ ಸುಧಾರಿಸಬಹುದು, ಅಲ್ವಾ? ಪುಸ್ತಕವನ್ನು ಗುರುತಿಸುವ ಸಂಖ್ಯೆಯಾದ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಸರ್ಕಾರಿ ಶುಲ್ಕವಿಲ್ಲ, ಲೇಖಕರೇ ಅರ್ಜಿ ಹಾಕಬಹುದು. ಅದಕ್ಕೆಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಬರುವವರು ಶುಕ್ರವಾರದೊಳಗೆ ಇಲ್ಲಿ ಹೆಸರು ಹಾಕಿ. ಕವಿಗಳಿಗೆ ಈ ವಾರ ರಜೆ.