ಡ್ರ್ಯಾಗ್ ಕಾರಿಗೆಂದು ಕೊಟ್ಟ ಗೇರ್‌ಬಾಕ್ಸ್ ಮತ್ತು ಶಿಫ್ಟರ್ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕ್ಲಚ್ ಒತ್ತದೆ ಬದಲಿಸಬಹುದೆಂದು ಹೇಳಿ ಮಾರಿದ ನಾಲ್ಕು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್ ಮೂರನೇ ಓಟಕ್ಕೇ ಕೆಟ್ಟಿರುವುದು, ಹಣ ವಾಪಸು ಕೋರಿ.

ಮಾನ್ಯರೇ,

ನೇರ ದಾರಿಯ ಕಿರು ಓಟಕ್ಕೆ ಇಳಿಸುವ ನನ್ನ ಡ್ರ್ಯಾಗ್ ಕಾರಿಗೆಂದು ನಿಮ್ಮಿಂದ ಕೊಂಡ ಗೇರ್‌ಬಾಕ್ಸ್, ಅದರ ಜೊತೆಗೇ ಕೊಟ್ಟ ಶಿಫ್ಟರ್ (ಗೇರ್ ಬದಲಿಸುವ ಲಿವರಿನ ಜೋಡಣೆ), ಎರಡೂ ಮೂರನೇ ಓಟದಲ್ಲಿ ಕೈಕೊಟ್ಟವು. ಎರಡರಿಂದ ಮೂರನೇ ಗೇರಿಗೆ ತಳ್ಳಿದಾಗ ಲಿವರ್ ಅರ್ಧದಲ್ಲೇ ನಿಂತಿತು. ಕರಕರ ಸದ್ದಾಗಿ ಎಂಜಿನ್ ಒಮ್ಮೆಲೇ ಕಿರುಚಿಕೊಂಡಿತು. ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಇಲ್ಲದಿದ್ದರೆ ಎಂಜಿನ್ನೂ ಹೋಗುತ್ತಿತ್ತು. ದೂರು ಹೇಳಿದಾಗ ನಿಮ್ಮ ಸಿಬ್ಬಂದಿ ಒಂದೇ ಸಾಲಿನಲ್ಲಿ ಮುಗಿಸಿದರು: ಓಡಿಸಿದವರ ತಪ್ಪು, ವಾರಂಟಿ ಇಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಬಾಕ್ಸನ್ನು ಬಿಚ್ಚಿ ನೋಡಿದ್ದೇನೆ, ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ಎಣ್ಣೆ ಬಸಿದೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ್ದ ಪುಡಿ ತೀರಾ ಕಡಿಮೆ, ಆದರೆ ತಟ್ಟೆಯ ಎಣ್ಣೆಯಲ್ಲೆಲ್ಲ ಚಿನ್ನದ ಬಣ್ಣದ ಪುಡಿ ಮಿನುಗುತ್ತಿತ್ತು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅನುಮಾನ ಅಲ್ಲೇ ಹುಟ್ಟಿತು. ಮುಚ್ಚಳ ತೆಗೆದಾಗ ನಿಜವಾಯಿತು: ನಾಲ್ಕೂ ಗೇರಿಗೆ ಸಾಮಾನ್ಯ ಹಿತ್ತಾಳೆಯ ಸಿಂಕ್ರೊ ರಿಂಗುಗಳು. ಮೂರನೆಯದರ ಹಲ್ಲಿನ ತುದಿಗಳೆಲ್ಲ ಸವೆದು ದುಂಡಗಾಗಿವೆ.

ನೀವು ಬಿಲ್ಲಿನಲ್ಲಿ ಬರೆದದ್ದು ಡಾಗ್ ಗೇರ್ ಎಂದು. ಎರಡಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಿಲ್ಲದ್ದಲ್ಲ. ಗೇರಿನ ವೇಗ, ಶಾಫ್ಟಿನ ವೇಗ ಒಂದಾಗುವವರೆಗೆ, ಎರಡನ್ನೂ ಜೋಡಿಸುವ ಸ್ಲೀವನ್ನು ತಡೆದು ನಿಲ್ಲಿಸುವುದೇ ಸಿಂಕ್ರೊ ರಿಂಗಿನ ಕೆಲಸ. ರಸ್ತೆಯ ಕಾರಿಗೆ ಅದು ಬೇಕು. 402 ಮೀಟರ್ ಓಟದಲ್ಲಿ, 7000 ಆರ್‌ಪಿಎಂನಲ್ಲಿ ಕ್ಲಚ್ ಮುಟ್ಟದೆ ಬದಲಿಸುವವನಿಗೆ ಅದೇ ಅಡ್ಡಗಾಲು. ಕ್ಲಚ್ ಒತ್ತದೆ ಇರುವಾಗ ಫ್ಲೈವೀಲು, ಕ್ರ್ಯಾಂಕು ಎಲ್ಲವೂ ಇನ್‌ಪುಟ್ ಶಾಫ್ಟಿಗೆ ಕಟ್ಟಿಕೊಂಡು ತಿರುಗುತ್ತಿರುತ್ತವೆ. ಅಷ್ಟನ್ನೂ ಒಂದು ತೆಳು ಹಿತ್ತಾಳೆ ಬಳೆ ಕಣ್ಣು ಮಿಟುಕಿಸುವಷ್ಟರಲ್ಲಿ ನಿಧಾನ ಮಾಡಬೇಕೆಂದರೆ ಆಗದ ಮಾತು. ಡಾಗ್ ಗೇರಿನಲ್ಲಿ ಸಣ್ಣ ಹಲ್ಲುಗಳ ಬದಲು ಅಗಲವಾದ ಕೆಲವೇ ಗಟ್ಟಿ ಹಲ್ಲುಗಳು, ನಡುವೆ ದೊಡ್ಡ ಸಂದು. ಇಗ್ನಿಷನ್ ಒಂದು ಕ್ಷಣ ಕಡಿದು ಹೊರೆ ಇಳಿಸಿದರೆ ಸಾಕು, ಗೇರ್ ಒಳಗೆ ಬೀಳುತ್ತದೆ. ನನ್ನ ಕಾರಿನಲ್ಲಿ ಆ ಇಗ್ನಿಷನ್ ಕಟ್ ಇದೆ, ಮೂರೂ ಓಟದಲ್ಲಿ ಕೆಲಸ ಮಾಡಿದೆ. ಡೇಟಾ ಲಾಗರಿನ ದಾಖಲೆ ಲಗತ್ತಿಸಿದ್ದೇನೆ.

ಇನ್ನು ಶಿಫ್ಟರ್. ಒಂದೇ ಗೆರೆಯಲ್ಲಿ ಎಳೆಯುವ ಇನ್‌ಲೈನ್ ಶಿಫ್ಟರ್ ಬೇಕೆಂದು ಕೇಳಿದ್ದೆ. ಎಚ್ ಮಾದರಿಯೇ ಸಾಕು ಅಂದಿರಿ, ನಂಬಿದೆ. ಎಚ್ ಮಾದರಿಯಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಕೈ ಮುಂದೆ, ಪಕ್ಕಕ್ಕೆ, ಮತ್ತೆ ಮುಂದೆ ಹೋಗಬೇಕು, ಅದೂ ಕಾರು ಮೈಯನ್ನು ಹಿಂದಕ್ಕೆ ಒತ್ತುತ್ತಿರುವಾಗ. ಅದನ್ನೂ ಅಭ್ಯಾಸ ಮಾಡಿಕೊಂಡೆ. ಆದರೆ ಗೇರ್ ಪೂರ್ತಿ ಕೂತ ಮೇಲೆ ಲಿವರನ್ನು ತಡೆದು ನಿಲ್ಲಿಸುವ ಸ್ಟಾಪ್ ಬೋಲ್ಟುಗಳೇ ನಿಮ್ಮ ಶಿಫ್ಟರಿನಲ್ಲಿಲ್ಲ. ಥ್ರೆಡ್ ಹಾಕಿದ ತೂತುಗಳಿವೆ, ಖಾಲಿ. ಬೋಲ್ಟ್ ಇಲ್ಲದಿದ್ದರೆ ಕೈಯ ಪೆಟ್ಟೆಲ್ಲ ನೇರ ಸ್ಲೀವನ್ನು ತಳ್ಳುವ ಶಿಫ್ಟ್ ಫೋರ್ಕಿಗೆ. ಮೊದಲ ಎರಡು ಓಟಗಳಲ್ಲೇ ಅದು ಬಾಗತೊಡಗಿರಬೇಕು. ಮೂರು-ನಾಲ್ಕರ ಫೋರ್ಕನ್ನು ಸಮತಟ್ಟಾದ ಗಾಜಿನ ಮೇಲಿಟ್ಟರೆ ಒಂದು ಕಾಲು ಎದ್ದು ನಿಲ್ಲುತ್ತದೆ. ಫೋಟೊ ನೋಡಿ.

ಗೇರ್ ಅನುಪಾತವೂ, ಅಂದರೆ ಔಟ್‌ಪುಟ್ ಶಾಫ್ಟ್ ಒಂದು ಸುತ್ತು ತಿರುಗಲು ಇನ್‌ಪುಟ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕವೂ, ತಪ್ಪು. ನಾನು ಆರ್ಡರ್ ಮಾಡಿದ್ದು ಮೊದಲ ಗೇರ್ 2.32, ಎರಡನೆಯದು 1.69. ಮೊದಲ ಗೇರಿಗೆ ಹಾಕಿ, ಸೀಮೆಸುಣ್ಣದ ಗೆರೆ ಎಳೆದು, ಔಟ್‌ಪುಟ್ ಶಾಫ್ಟನ್ನು ಒಂದು ಸುತ್ತು ತಿರುಗಿಸಿದರೆ ಇನ್‌ಪುಟ್ ಎರಡೂಮುಕ್ಕಾಲು ಸುತ್ತಿಗೂ ತುಸು ಹೆಚ್ಚು ತಿರುಗುತ್ತದೆ. ಹಲ್ಲು ಎಣಿಸಿ ಲೆಕ್ಕ ಹಾಕಿದೆ: 2.78 ಮತ್ತು 1.93. ಅಂದರೆ 7000 ಆರ್‌ಪಿಎಂನಲ್ಲಿ ಒಂದರಿಂದ ಎರಡಕ್ಕೆ ಬದಲಿಸಿದಾಗ ಎಂಜಿನ್ ಸುಮಾರು 5100ಕ್ಕೆ ಇಳಿಯಬೇಕಾದದ್ದು 4860ಕ್ಕೆ ಇಳಿಯುತ್ತದೆ. ನನ್ನ ಎಂಜಿನ್ 5000ದ ಕೆಳಗೆ ಸತ್ತಂತೆ ಇರುತ್ತದೆ. ಅದಕ್ಕೇ ಅನುಪಾತ ಬರೆದು ಕೊಟ್ಟಿದ್ದೆ. ಕಾರಿನ ತೂಕ, ಟೈರಿನ ಎತ್ತರ, ಹಿಂದಿನ ಆಕ್ಸಲ್ ಅನುಪಾತ ಯಾವುದನ್ನೂ ನಿಮ್ಮ ಸಲಹೆಗಾರರು ಕೇಳಲಿಲ್ಲ, ಕೇಳಿದ್ದು ಎಷ್ಟು ಹಾರ್ಸ್‌ಪವರ್ ಎಂದಷ್ಟೇ.

ಈ ಕಾರಿಗಾಗಿ ಎರಡು ವರ್ಷ ದುಡಿದಿದ್ದೇನೆ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಕಾಲಿನ ಪಕ್ಕದಲ್ಲೇ ತಿರುಗುವ ಭಾಗವಿದು. ಒಳಗೆ ಏನಿದೆಯೆಂದು ಬಿಲ್ಲಿನಲ್ಲಿ ಸರಿಯಾಗಿ ಬರೆಯದಿರುವುದು ಸಣ್ಣ ತಪ್ಪಲ್ಲ.

ಗೇರ್‌ಬಾಕ್ಸ್ ಮತ್ತು ಶಿಫ್ಟರಿನ ಪೂರ್ತಿ ಹಣ, ಸಾಗಣೆ ವೆಚ್ಚದ ಸಮೇತ ವಾಪಸು ಮಾಡಿ. ಬದಲಿ ಬಾಕ್ಸ್ ನನಗೆ ಬೇಡ. ಇದೇ ಮಾದರಿಯನ್ನು ಡಾಗ್ ಗೇರ್ ಎಂದು ಕೊಂಡ ಬೇರೆ ಗ್ರಾಹಕರಿಗೂ ತಿಳಿಸಿ, ಅವರು ಮುಂದಿನ ಓಟಕ್ಕೆ ಇಳಿಯುವ ಮೊದಲೇ. ಓಡಿಸಿದವರ ತಪ್ಪು ಎಂಬ ಮಾತನ್ನು ಬರಹದಲ್ಲಿ ಹಿಂತೆಗೆದುಕೊಳ್ಳಿ. 15 ದಿನಗಳಲ್ಲಿ ಉತ್ತರ ಬರದಿದ್ದರೆ ಕಾನೂನಿನ ದಾರಿ ಹಿಡಿಯುತ್ತೇನೆ. ಬಿಚ್ಚಿದ ಭಾಗಗಳನ್ನೆಲ್ಲ ಹಾಗೇ ಇಟ್ಟಿದ್ದೇನೆ, ನಿಮ್ಮ ತಂತ್ರಜ್ಞರು ಯಾವಾಗ ಬೇಕಾದರೂ ಬಂದು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಆರ್ಡರ್ ಪತ್ರ, ಫೋಟೊಗಳು, ಮೂರು ಓಟಗಳ ಡೇಟಾ ಲಾಗ್