ಸನ್‌ರೂಫ್ ಬದಲಾವಣೆಯ ನಂತರದ ಸೋರಿಕೆ ಹಾಗೂ ಕೆಲಸಕ್ಕೆ ಮೊದಲೇ ಉತ್ತರ ಸಿಗಬೇಕಿದ್ದ ಪ್ರಶ್ನೆಗಳು: ಒಂದು ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಕಾರು ಗಾಜು ಬದಲಾವಣೆ ಕೇಂದ್ರ

ವಿಷಯ: ಸನ್‌ರೂಫ್ ಗಾಜು ಬದಲಿಸಿದ ನಂತರ ಕಾರಿನೊಳಗೆ ನೀರು ಸೋರುತ್ತಿರುವುದು, ಗಾಜು ಸರಿಯಾಗಿ ಮುಚ್ಚಿಕೊಳ್ಳದಿರುವುದು ಹಾಗೂ ಕೆಲಸಕ್ಕೆ ಮುನ್ನ ಅಗತ್ಯ ಮಾಹಿತಿ ನೀಡದಿರುವುದರ ಬಗ್ಗೆ.

ಮಾನ್ಯರೇ,

ಏಳು ವಾರಗಳ ಹಿಂದೆ ನನ್ನ ಕಾರಿನ ಒಡೆದ ಸನ್‌ರೂಫ್ ಗಾಜನ್ನು ತಮ್ಮ ಕೇಂದ್ರದಲ್ಲಿ ಬದಲಾಯಿಸಿಕೊಂಡು, ಬಿಲ್ಲಿನ ಮೊತ್ತವನ್ನು ಅಂದೇ ಪೂರ್ತಿಯಾಗಿ ಪಾವತಿಸಿದ್ದೇನೆ. ಅಂದಿನಿಂದ ಇಂದಿನವರೆಗೆ ಅದೇ ಕೆಲಸಕ್ಕಾಗಿ ಮೂರು ಬಾರಿ ಕಾರನ್ನು ಮತ್ತೆ ತಮ್ಮಲ್ಲಿಗೆ ತಂದಿದ್ದೇನೆ. ಮೂರು ಬಾರಿಯೂ "ಈಗ ಸರಿಹೋಗಿದೆ" ಎಂಬ ಮಾತಿನೊಂದಿಗೆ ಕೀಲಿ ನನ್ನ ಕೈಗೆ ಬಂದಿದೆ, ಮುಂದಿನ ಮಳೆಗೆ ನೀರು ಮತ್ತೆ ಒಳಗೆ ಬಂದಿದೆ. ಫೋನಿನಲ್ಲಿ ನಾನು ಹೇಳಿದ್ದು ತಮ್ಮಲ್ಲಿ ಯಾರ ದಾಖಲೆಯಲ್ಲೂ ಉಳಿದಂತಿಲ್ಲ. ಪ್ರತಿ ಬಾರಿಯೂ ಹೊಸಬರೊಬ್ಬರಿಗೆ ಮೊದಲಿನಿಂದ ಹೇಳಬೇಕಾಗಿ ಬಂದಿದೆ. ಆದ್ದರಿಂದ ಈ ಪತ್ರ.

ನನ್ನ ಪಾಲಿನ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾರನ್ನು ಒಪ್ಪಿಸಿದ ದಿನ ನಾನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟಾಗುತ್ತದೆ, ಯಾವಾಗ ಕೊಡುತ್ತೀರಿ. ತಮ್ಮ ಸರ್ವಿಸ್ ಅಡ್ವೈಸರ್ ಎರಡಕ್ಕೂ ಚುರುಕಾಗಿ ಉತ್ತರ ಕೊಟ್ಟು, "ಉಳಿದದ್ದೆಲ್ಲ ನಮಗೆ ಬಿಡಿ ಮೇಡಂ" ಎಂದರು, ನಾನು ಬಿಟ್ಟೆ. ಕೇಳುವ ಹೊಣೆ ಗ್ರಾಹಕರದ್ದೇ ಎಂದು ತಾವು ವಾದಿಸಬಹುದು. ಆದರೆ ಏನನ್ನು ಕೇಳಬೇಕೆಂಬುದು ದಿನಬೆಳಗಾದರೆ ಗಾಜು ಬದಲಿಸುವವರಿಗೆ ಗೊತ್ತಿರುತ್ತದೆಯೇ ಹೊರತು, ಜೀವಮಾನದಲ್ಲಿ ಒಮ್ಮೆ ಬದಲಾಯಿಸಿಕೊಳ್ಳುವವರಿಗೆ ಅಲ್ಲ. ಈ ಏಳು ವಾರಗಳಲ್ಲಿ ಒಂದೊಂದು ತೊಂದರೆ ಕಾಣಿಸಿಕೊಂಡಾಗಲೂ ಅದರ ಹಿಂದೆ ನಾನು ಕೇಳದೆ ಬಿಟ್ಟ, ತಾವು ಹೇಳದೆ ಬಿಟ್ಟ ಒಂದೊಂದು ಪ್ರಶ್ನೆ ಇರುವುದು ತಿಳಿಯುತ್ತಾ ಬಂತು. ಆ ಪ್ರಶ್ನೆಗಳನ್ನು ತಡವಾಗಿಯಾದರೂ ಇಲ್ಲಿ ಕೇಳುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಕೇಳಬೇಕಿದ್ದುದು, ಹಳೆಯ ಗಾಜು ಒಡೆದದ್ದೇಕೆ ಎಂಬುದು. ಕಾರು ನಿಂತಲ್ಲೇ ನಿಂತಿತ್ತು, ಮೇಲೆ ಮರವಾಗಲಿ ಕಟ್ಟಡದ ಅಂಚಾಗಲಿ ಇರಲಿಲ್ಲ, ಒಳಗಿನ ಪರದೆಯ ಮೇಲೆ ಬಿದ್ದಿದ್ದ ಚೂರುಗಳ ನಡುವೆ ಕಲ್ಲೊಂದೂ ಸಿಗಲಿಲ್ಲ. ಇಷ್ಟನ್ನೂ ಹೇಳಿದ ಮೇಲೂ ತಮ್ಮ ಅಡ್ವೈಸರ್ ಜಾಬ್ ಕಾರ್ಡಿನಲ್ಲಿ "ಕಲ್ಲೇಟು" ಎಂದು ಬರೆದುಕೊಂಡರು. ಟಫನ್ಡ್ ಗಾಜಿನ, ಎಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ ಗಾಜಿನ, ಮೇಲ್ಮೈ ಒತ್ತಡದಲ್ಲಿಯೂ ಒಳಭಾಗ ಎಳೆತದಲ್ಲಿಯೂ ಇರುತ್ತದೆ ಎಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತು. ಅಂಚಿನಲ್ಲಿ ಎಂದೋ ಆದ ಸಣ್ಣ ಪೆಟ್ಟು, ಗಾಜು ಕೂರುವ ಚೌಕಟ್ಟಿನ ಸಣ್ಣ ಸೊಟ್ಟ, ಅತಿಯಾಗಿ ಬಿಗಿದ ಒಂದು ಸ್ಕ್ರೂ, ಕೆಲವೊಮ್ಮೆ ತಯಾರಿಕೆಯ ಹೊತ್ತಿನಲ್ಲಿಯೇ ಗಾಜಿನೊಳಗೆ ಸೇರಿಕೊಂಡ ನಿಕಲ್ ಸಲ್ಫೈಡ್‌ನ ಕಣ, ಇವುಗಳಲ್ಲಿ ಯಾವುದಾದರೂ ಒಂದು ಎಷ್ಟೋ ದಿನಗಳ ನಂತರ ಇಡೀ ಗಾಜನ್ನು ಒಂದೇ ಕ್ಷಣದಲ್ಲಿ ಪುಡಿ ಮಾಡಬಹುದು. ಚೌಕಟ್ಟೇ ಸೊಟ್ಟಗಿದ್ದರೆ ಹೊಸ ಗಾಜಿಗೂ ಅದೇ ಗತಿ ಬರಬಹುದಲ್ಲವೇ? ಚೌಕಟ್ಟನ್ನು ಯಾರಾದರೂ ಅಳತೆ ಹಿಡಿದು ನೋಡಿದರೇ, ನೋಡಿದ್ದರೆ ಅದರ ಟಿಪ್ಪಣಿ ಎಲ್ಲಿದೆ? ಜಾಬ್ ಕಾರ್ಡಿನಲ್ಲಿ "ಸನ್‌ರೂಫ್ ಗಾಜು ಬದಲಾವಣೆ" ಎಂಬ ಸಾಲನ್ನೂ ಆ "ಕಲ್ಲೇಟು" ಪದವನ್ನೂ ಬಿಟ್ಟರೆ ಬೇರೇನೂ ಇಲ್ಲ.

ಎರಡನೆಯದು ಹಾಕಿದ ಗಾಜು ಯಾವುದು ಎಂಬುದು. ಬಾಯಿಮಾತಿನಲ್ಲಿ "ಕಂಪನಿ ಗಾಜು" ಎಂದಿದ್ದರು, ಬಿಲ್ಲಿನಲ್ಲಿ "ಗಾಜು" ಎಂದಷ್ಟೇ ಇದೆ. ಹಳೆಯ ಗಾಜಿನ ಮೂಲೆಯಲ್ಲಿ ಕಾರು ತಯಾರಕರ ಗುರುತೂ, ವೃತ್ತದೊಳಗಿನ 'ಇ' ಅಕ್ಷರವೂ, ಅದರ ಕೆಳಗೆ 43ಆರ್ ಎಂಬ ಗುರುತೂ ಇದ್ದವೆಂಬುದು ಕಾರು ಕೊಂಡ ದಿನ ತೆಗೆದ ಚಿತ್ರವೊಂದನ್ನು ದೊಡ್ಡದು ಮಾಡಿ ನೋಡಿದಾಗ ಕಾಣುತ್ತದೆ. ವಾಹನದ ಸುರಕ್ಷತಾ ಗಾಜಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 43ನೇ ನಿಯಮಾವಳಿಯಡಿ ಪರೀಕ್ಷೆಯಾದ ಗಾಜಿಗೆ ಆ ಗುರುತು ಇರುತ್ತದೆ. ಹೊಸ ಗಾಜಿನ ಮೂಲೆಯಲ್ಲಿ ನಾನು ಓದಲಾರದಷ್ಟು ಮಸುಕಾದ ಒಂದು ಮುದ್ರೆಯಿದೆ, ಅಷ್ಟೇ. ಬಣ್ಣವೂ ಹಳೆಯದಕ್ಕಿಂತ ತಿಳಿಯಾಗಿದೆ. ಪರದೆ ತೆರೆದಿದ್ದರೆ ಮಧ್ಯಾಹ್ನದ ಬಿಸಿಲು ಮೊದಲಿಗಿಂತ ಚುರುಕಾಗಿ ತಲೆಗೆ ತಾಗುತ್ತದೆ. ಬೇರೆ ತಯಾರಕರ ಗಾಜನ್ನು ಹಾಕಬಾರದೆಂಬ ಹಟ ನನಗಿಲ್ಲ, ಪರೀಕ್ಷೆಯಾದದ್ದಿದ್ದರೆ ಸಂತೋಷದಿಂದಲೇ ಒಪ್ಪುತ್ತಿದ್ದೆ. ಅದನ್ನು ಕೆಲಸಕ್ಕೆ ಮೊದಲು ಹೇಳಿ, ಟಫನ್ಡೋ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ಡೋ ಎಂಬುದನ್ನೂ ಸೇರಿಸಿ ಎಸ್ಟಿಮೇಟಿನಲ್ಲಿ ಬರೆದು, ಆಯ್ಕೆಯನ್ನು ನನಗೆ ಬಿಡಬೇಕಿತ್ತು.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಕಾರು ಮನೆಗೆ ಬಂದ ಒಂಬತ್ತನೆಯ ದಿನ ಮಳೆ ಬಂತು. ಮೊದಲು ಕಂಡದ್ದು ಒಂದೇ ಹನಿ. ಅದು ಸನ್‌ರೂಫಿನಿಂದ ನೇರವಾಗಿ ಬೀಳಲಿಲ್ಲ. ಮುಂದಿನ ಒಳದೀಪದ ಅಂಚಿನಲ್ಲಿ ಕೂಡಿಕೊಂಡು, ಛಾವಣಿಯ ಒಳಹೊದಿಕೆಯಾದ ರೂಫ್ ಲೈನಿಂಗ್‌ನ ಹೊಲಿಗೆಯ ಗುಂಟ ಮೆಲ್ಲಗೆ ಸರಿದು, ಸ್ಟಿಯರಿಂಗ್‌ನ ಎಡಬದಿಯಲ್ಲಿ ನನ್ನ ಮಂಡಿಯ ಮೇಲೆ ಬಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಒದ್ದೆ ಬಟ್ಟೆಯನ್ನು ಮುಚ್ಚಿಟ್ಟಂಥ ವಾಸನೆ. ಲೈನಿಂಗ್‌ನ ಮೇಲೆ ಅಂಗೈಯಗಲದ ಕಂದು ಕಲೆ ಮೂಡಿತ್ತು, ಕಾಲಿನ ಬಳಿಯ ಮ್ಯಾಟ್ ಎತ್ತಿ ಕಾರ್ಪೆಟ್ಟನ್ನು ಒತ್ತಿದರೆ ಬೆರಳುಗಳ ಸುತ್ತ ನೀರು ಉಕ್ಕುತ್ತಿತ್ತು.

ಮೊದಲ ಬಾರಿ ಕಾರನ್ನು ಹಿಂದಕ್ಕೆ ತಂದಾಗ ತಮ್ಮ ಮೆಕ್ಯಾನಿಕ್ ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಒತ್ತಿ ನೋಡಿ, ಅದರ ಅಂಚಿಗೆ ಸಿಲಿಕೋನ್ ಹಚ್ಚಿದರು. ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿಯಾಗಿ ತಡೆಯಲೆಂದು ಇರುವುದಲ್ಲ. ಅದನ್ನು ದಾಟಿ ಬಂದ ನೀರು ಗಾಜಿನ ಸುತ್ತಲಿನ ತಟ್ಟೆಯಲ್ಲಿ ಕೂಡಿ, ಅದರ ಮೂಲೆಗಳಿಂದ ಹೊರಟ ತೆಳುವಾದ ಡ್ರೈನ್ ಪೈಪುಗಳ ಮೂಲಕ ಛಾವಣಿಯನ್ನು ಹೊತ್ತಿರುವ ಮುಂದಿನ ಹಾಗೂ ಹಿಂದಿನ ಕಂಬಗಳೊಳಗೆ ಇಳಿದು ಕಾರಿನ ಕೆಳಗೆ ಹೊರಬೀಳಬೇಕು. ಪೈಪು ಕಟ್ಟಿಕೊಂಡರೆ ಅಥವಾ ತಟ್ಟೆಯಿಂದ ಕಳಚಿಕೊಂಡರೆ ಮೇಲೆ ಎಷ್ಟು ಸಿಲಿಕೋನ್ ಬಳಿದರೂ ನೀರು ಲೈನಿಂಗ್‌ಗೇ ಇಳಿಯುತ್ತದೆ. ಇದನ್ನು ನನಗೆ ವಿವರಿಸಿದವರು ತಮ್ಮ ಕೇಂದ್ರದವರಲ್ಲ, ಬೇರೊಂದು ಕಾರ್ಯಾಗಾರದ ಹಿರಿಯ ಮೆಕ್ಯಾನಿಕ್. ಅವರು ಸನ್‌ರೂಫ್ ತೆರೆದು, ಲೋಟದಿಂದ ನಿಧಾನವಾಗಿ ತಟ್ಟೆಯ ನಾಲ್ಕು ಮೂಲೆಗೂ ನೀರು ಹಾಕಿ, ಕೆಳಗೆ ಬಗ್ಗಿ ನೋಡಿದರು. ಹಿಂದಿನ ಎರಡರಲ್ಲಿ ನೀರು ಸರಾಗವಾಗಿ ಬಂತು, ಮುಂದಿನ ಬಲಗಡೆ ಹನಿಹನಿಯಾಗಿ ಬಂತು, ಮುಂದಿನ ಎಡಗಡೆ ಬರಲೇ ಇಲ್ಲ. ಇಡೀ ಪರೀಕ್ಷೆಗೆ ಹಿಡಿದ ಸಮಯ ಐದು ನಿಮಿಷವೂ ಇಲ್ಲ.

ಆ ಎಡಗಡೆಯ ಪೈಪಿನ ಬಾಯಿಯಿಂದ ಅವರು ಚಿಮಟದಲ್ಲಿ ಹಿಡಿದು ತೆಗೆದದ್ದು ಗಾಜಿನ ಹರಳುಗಳು: ಒಟ್ಟು ಹನ್ನೊಂದು, ಕರಗುತ್ತಿರುವ ಆಲಿಕಲ್ಲಿನಂತೆ ಮೊಂಡು ಅಂಚಿನವು, ಗ್ರೀಸು ಮತ್ತು ಧೂಳು ಮೆತ್ತಿಕೊಂಡಂಥವು. ಗಾಜು ಜಾರುವ ಟ್ರ್ಯಾಕಿನಲ್ಲಿ ಇನ್ನೂ ನಾಲ್ಕು ಸಿಕ್ಕವು. ಹಳೆಯ ಗಾಜಿನ ಚೂರುಗಳನ್ನು ಪೂರ್ತಿ ತೆಗೆಯದೆ ಹೊಸ ಗಾಜನ್ನು ಕೂರಿಸಲಾಗಿತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಮೊದಲ ವಾರದಿಂದಲೇ ಗಾಜು ತೆರೆಯುವಾಗ ಕೇಳಿಬರುತ್ತಿದ್ದ 'ಕರ್ರ್' ಸದ್ದಿಗೆ "ಹೊಸದಲ್ಲವೇ, ಪಳಗುತ್ತದೆ" ಎಂದು ತಮ್ಮವರು ಸಮಾಧಾನ ಹೇಳಿದ್ದರು. ಪಳಗುತ್ತಿದ್ದುದು ಗಾಜಲ್ಲ, ಹರಳಿನ ಮೇಲೆ ಉಜ್ಜಿಕೊಳ್ಳುತ್ತಿದ್ದ ಪ್ಲಾಸ್ಟಿಕ್ಕಿನ ಜಾರುಪಟ್ಟಿ. ಚೂರುಗಳನ್ನು ಯಾವ ಯಾವ ಜಾಗದಿಂದ ತೆಗೆಯುತ್ತೀರಿ, ಲೈನಿಂಗ್ ಇಳಿಸಿ ನೋಡುತ್ತೀರಾ, ಕೊನೆಯಲ್ಲಿ ನೀರು ಹಾಕಿ ನನ್ನೆದುರು ತೋರಿಸುತ್ತೀರಾ ಎಂದು ನಾನು ಮೊದಲೇ ಕೇಳಿದ್ದಿದ್ದರೆ ತಮ್ಮವರು ಏನೆನ್ನುತ್ತಿದ್ದರೋ ಗೊತ್ತಿಲ್ಲ. ಕೇಳದಿದ್ದರೂ ಮಾಡಬೇಕಾದ ಕೆಲಸ ಅದು.

ಎರಡನೆಯ ಬಾರಿ ತಂದಾಗ ತಮ್ಮಲ್ಲಿ ಆ ಪೈಪುಗಳಿಗೆ ಕಂಪ್ರೆಸರ್‌ನಿಂದ ಗಾಳಿ ಹೊಡೆದರೆಂದು ಬಿಲ್ಲಿಲ್ಲದ ಚೀಟಿಯೊಂದರಿಂದ ತಿಳಿಯಿತು. ಜೋರಾದ ಗಾಳಿಗೆ ಪೈಪು ತನ್ನ ಜೋಡಣೆಯಿಂದ ಕಳಚಿಕೊಳ್ಳುವ ಸಂಭವ ಇದ್ದೇ ಇದೆ. ಬಲಗಡೆಯ ಪೈಪು ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಲೈನಿಂಗ್ ಇಳಿಸದೆ ತಿಳಿಯದು. ಅದನ್ನು ಇಳಿಸುವಾಗ ಪಕ್ಕದಲ್ಲೇ ಹಾದುಹೋಗುವ, ಅಪಘಾತವಾದಾಗ ಕಿಟಕಿಗಳ ಬದಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್‌ಗೆ ತೊಂದರೆಯಾಗದಂತೆ, ಆ ಕೆಲಸ ಬಲ್ಲವರೇ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಗಾಜು ಮುಚ್ಚಿಕೊಳ್ಳದ ವಿಷಯ ಇದಕ್ಕಿಂತ ಕಳವಳಕಾರಿ. ಸ್ವಿಚ್ಚನ್ನು ಒಮ್ಮೆ ಒತ್ತಿಬಿಟ್ಟರೆ ತಾನಾಗಿ ಪೂರ್ತಿ ಮುಚ್ಚುತ್ತಿದ್ದ ಗಾಜು ಈಗ ಮುಕ್ಕಾಲು ದೂರ ಬಂದು, ತಡೆದು, ಹಿಂದಕ್ಕೆ ಸರಿಯುತ್ತದೆ. ನಡುವೆ ಕೈಯೋ ತಲೆಯೋ ಸಿಕ್ಕಿದರೆ ಗಾಜು ಹಿಂದಕ್ಕೆ ಸರಿಯಲೆಂದು ಮಾಡಿರುವ ರಕ್ಷಣಾ ವ್ಯವಸ್ಥೆ ಅದು. ಗಾಜನ್ನೋ ಮೋಟರನ್ನೋ ಬಿಚ್ಚಿ ಜೋಡಿಸಿದ ಮೇಲೆ ಅನೇಕ ಕಾರುಗಳಲ್ಲಿ ಗಾಜಿನ ಓಟದ ಆರಂಭ ಮತ್ತು ಕೊನೆಯನ್ನು ಅದಕ್ಕೆ ಹೊಸದಾಗಿ ಕಲಿಸಬೇಕಾಗುತ್ತದೆ. ಅದನ್ನು ಮಾಡಿದರೇ ಎಂದು ಕೇಳಿದಾಗ ಒಬ್ಬರು "ಬ್ಯಾಟರಿ ವೀಕ್ ಇರಬೇಕು" ಎಂದರು, ಇನ್ನೊಬ್ಬರು "ಸ್ವಿಚ್ ಬಿಡದೆ ಹಿಡಿದುಕೊಳ್ಳಿ, ಮುಚ್ಚುತ್ತದೆ" ಎಂದರು. ಹಾಗೆ ಹಿಡಿದರೆ ಮುಚ್ಚುತ್ತದೆ ನಿಜ. ಹಲವು ಕಾರುಗಳಲ್ಲಿ ಹಾಗೆ ಹಿಡಿದಾಗ ಆ ರಕ್ಷಣೆಯೇ ಕೆಲಸ ಮಾಡುವುದಿಲ್ಲ ಎಂಬುದೂ ನಿಜ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುವ ಕಾರಿಗೆ ಇಂಥ ಉಪಾಯ ಹೇಳಿದವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ, ತಾವೇ ವಿಚಾರಿಸಿಕೊಳ್ಳಿ.

ಗಾಳಿಯ ಸದ್ದಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗಾಜಿನ ಮುಂದಂಚು ಛಾವಣಿಯ ಮಟ್ಟಕ್ಕಿಂತ ಮೇಲೆದ್ದಿದೆ, ಉಗುರು ಆಡಿಸಿದರೆ ತಡೆಯುತ್ತದೆ. ವೇಗ ಹೆಚ್ಚಿದಂತೆ ಅಲ್ಲಿಂದ ಸಿಳ್ಳೆ ಬರುತ್ತದೆ. ಎರಡೂ ಬದಿಯ ಸ್ಕ್ರೂ ಸಡಿಲಿಸಿ ಎತ್ತರ ಹೊಂದಿಸಿ ಬಿಗಿಯುವ ಕೆಲಸವದು. ಸ್ಕ್ರೂ ಎಂದಾಗ ಇನ್ನೊಂದು ಮಾತು ನೆನಪಾಯಿತು. "ಅಂಟು ಒಣಗಬೇಕು, ಇಪ್ಪತ್ತನಾಲ್ಕು ಗಂಟೆ ಕಾರು ತೊಳೆಯಬೇಡಿ, ಬಾಗಿಲು ಜೋರಾಗಿ ಹಾಕಬೇಡಿ" ಎಂದು ಕಾರು ಕೊಡುವಾಗ ಗಂಭೀರವಾಗಿ ಎಚ್ಚರಿಸಿದ್ದರು. ಪಾಲಿಯುರಿಥೇನ್ ಅಂಟಿನಲ್ಲಿ ಕೂರಿಸುವ ವಿಂಡ್‌ಶೀಲ್ಡಿಗೂ ಅಲುಗಾಡದ ಛಾವಣಿ ಗಾಜಿಗೂ ಆ ಮಾತು ಸರಿ. ನನ್ನ ಕಾರಿನ ಜಾರುವ ಗಾಜನ್ನು ಹಿಡಿದಿರುವುದು ಸ್ಕ್ರೂಗಳೇ ಹೊರತು ಅಂಟಲ್ಲ. ಹಾಗಾದರೆ ಆ ಎಚ್ಚರಿಕೆ ಕೊಟ್ಟವರು ನನ್ನ ಕಾರನ್ನು ಒಮ್ಮೆಯಾದರೂ ನೋಡಿದ್ದರೇ?

ವಾರಂಟಿಯ ಕುರಿತು ಕೇಳಿದಾಗ "ಒಂದು ವರ್ಷ ಇದೆ" ಎಂದಿದ್ದರು. ನೀರು ಸೋರಿದ ಮೇಲೆ ಅದು ಗಾಜಿಗೆ ಮಾತ್ರ, ಸೋರಿಕೆಗೂ ಲೈನಿಂಗ್‌ಗೂ ಅಲ್ಲ ಎಂದು ತಿಳಿಸಿದರು. ವಿಮೆಯ ವಿಷಯವಂತೂ ಎತ್ತಲೇ ಇಲ್ಲ. ನನ್ನ ಪಾಲಿಸಿಯಲ್ಲಿ ಗಾಜಿನ ಹಾನಿಗೆ ಪರಿಹಾರವಿದ್ದರೂ ರಿಪೇರಿಗೆ ಮೊದಲು ವಿಮಾ ಕಂಪನಿಗೆ ತಿಳಿಸಿ ಪರಿಶೀಲನೆ ಮಾಡಿಸಬೇಕೆಂಬ ಷರತ್ತಿದೆ. ಒಡೆದ ಗಾಜನ್ನು ತಾವು ಅಂದೇ ವಿಲೇವಾರಿ ಮಾಡಿದ್ದರಿಂದ ತೋರಿಸಲು ನನ್ನ ಬಳಿ ಏನೂ ಉಳಿಯಲಿಲ್ಲ. "ವಿಮೆಗೆ ಹಾಕುತ್ತೀರಾ" ಎಂಬ ಒಂದು ಪ್ರಶ್ನೆಯನ್ನು ಕೌಂಟರಿನಲ್ಲಿ ಕೇಳಲು ಎಷ್ಟು ಹೊತ್ತು ಬೇಕು?

ಆದ್ದರಿಂದ ಈ ಪತ್ರ ತಲುಪಿದ ಹತ್ತು ದಿನಗಳೊಳಗೆ ತಾವು ಕಾರನ್ನು ತರಿಸಿಕೊಂಡು, ರೂಫ್ ಲೈನಿಂಗ್ ಇಳಿಸಿ, ಟ್ರ್ಯಾಕು ಮತ್ತು ನಾಲ್ಕೂ ಡ್ರೈನ್ ಪೈಪುಗಳನ್ನು ಸ್ವಚ್ಛಗೊಳಿಸಿ, ಜೋಡಣೆಗಳನ್ನು ಪರೀಕ್ಷಿಸಿ, ಸವೆದ ಜಾರುಪಟ್ಟಿಯನ್ನು ಬದಲಿಸಿ, ಗಾಜಿನ ಎತ್ತರವನ್ನೂ ಮೋಟರಿನ ಹೊಂದಾಣಿಕೆಯನ್ನೂ ಸರಿಪಡಿಸಿ, ನನ್ನೆದುರಿನಲ್ಲಿ ನೀರು ಹಾಕಿ ತೋರಿಸಬೇಕೆಂದು ಕೋರುತ್ತೇನೆ. ಒದ್ದೆಯಾದ ಕಾರ್ಪೆಟ್ಟನ್ನು ಬಿಚ್ಚಿ ಅದರಡಿಯ ಫೋಮನ್ನು ಒಣಗಿಸುವುದು ಹಾಗೂ ಅದರ ಕೆಳಗೆ ಹಾದುಹೋಗುವ ವೈರುಗಳ ಕನೆಕ್ಟರುಗಳನ್ನು ಪರೀಕ್ಷಿಸುವುದು ಇದರಲ್ಲಿ ಸೇರಿರಬೇಕು. ಕಲೆಯಾದ ಲೈನಿಂಗ್‌ನ ವೆಚ್ಚವನ್ನು ತಾವೇ ಭರಿಸಬೇಕು. ಹಾಕಿರುವ ಗಾಜಿನ ತಯಾರಕರು ಯಾರು, ಅದು ಯಾವ ಮಾನದಂಡದಡಿ ಪರೀಕ್ಷೆಯಾಗಿದೆ, ವಾರಂಟಿ ಯಾವುದಕ್ಕೆ ಅನ್ವಯಿಸುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಲಿಖಿತವಾಗಿ ಕೊಡಬೇಕು. ಗಾಜಿಗೆ ಪರೀಕ್ಷೆಯ ಗುರುತಿಲ್ಲವೆಂದಾದರೆ ಅದನ್ನು ತೆಗೆದು, ಗುರುತಿರುವ ಗಾಜನ್ನು ಹೆಚ್ಚುವರಿ ಹಣ ಕೇಳದೆ ಹಾಕಿಕೊಡಬೇಕು.

ಈ ಅವಧಿಯಲ್ಲಿ ಉತ್ತರ ಬಾರದಿದ್ದರೆ ಬೇರೆ ಕಾರ್ಯಾಗಾರದಲ್ಲಿ ಕೆಲಸ ಮಾಡಿಸಿ, ಅದರ ಬಿಲ್ಲಿನೊಂದಿಗೆ ಗ್ರಾಹಕರ ವ್ಯಾಜ್ಯಗಳನ್ನು ಆಲಿಸುವ ಪ್ರಾಧಿಕಾರದ ಮುಂದೆ ಹೋಗುತ್ತೇನೆ. ಅಲ್ಲಿಯವರೆಗೆ ಕಾರನ್ನು ಸೂರಿನಡಿಯಲ್ಲಿ ನಿಲ್ಲಿಸಿ, ಸನ್‌ರೂಫಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿಟ್ಟಿದ್ದೇನೆ.

ಇಂತಿ,
ತಮ್ಮ ಗ್ರಾಹಕಿ

ಲಗತ್ತುಗಳು: ಬಿಲ್ ಮತ್ತು ಜಾಬ್ ಕಾರ್ಡಿನ ಪ್ರತಿಗಳು, ಲೈನಿಂಗ್ ಹಾಗೂ ಕಾರ್ಪೆಟ್ಟಿನ ಚಿತ್ರಗಳು, ಡ್ರೈನ್ ಪೈಪಿಗೆ ನೀರು ಹಾಕಿದಾಗ ತೆಗೆದ ವಿಡಿಯೊದ ಪ್ರತಿ, ಪೈಪು ಮತ್ತು ಟ್ರ್ಯಾಕಿನಿಂದ ತೆಗೆದ ಹದಿನೈದು ಗಾಜಿನ ಹರಳುಗಳ ಪೈಕಿ ಐದು, ಕಾಗದದ ಪೊಟ್ಟಣದಲ್ಲಿ. ಉಳಿದ ಹತ್ತು ನನ್ನ ಬಳಿ ಇವೆ.