ಊಡು ಇಳಿದ ಮೇಲೆ ಜಿಪ್ಸಂ ಕೊಟ್ಟು ಏನು ಫಲ? ಶಾಸಕರಿಗೊಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ತುಮಕೂರು ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಕಡೆಯ ಕೆಂಪು ಮರಳು ನೆಲದಲ್ಲಿ ಮಳೆ ನಂಬಿ ಕಡ್ಲೆಕಾಯಿ ಹಾಕುವವರ ಪರವಾಗಿ ಈ ಪತ್ರ. ಕೇಳುವುದು ಒಂದೇ. ಸುಣ್ಣದಂಶ, ಗಂಧಕ ಒದಗಿಸುವ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾನ್ ಕೊಡುವ ಬೋರಾಕ್ಸ್ ಈ ಮೂರೂ ಜೂನ್ ಮೊದಲ ವಾರದ ರೋಹಿಣಿ ಮಳೆ ಮುಗಿಯುವುದರೊಳಗೆ ರೈತ ಸಂಪರ್ಕ ಕೇಂದ್ರಗಳ ಗೋದಾಮಿನಲ್ಲಿರಬೇಕು. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿದೆ.

ಕಳೆದ ಮುಂಗಾರಿನಲ್ಲಿ ಒಂದು ಕೇಂದ್ರಕ್ಕೆ ಜಿಪ್ಸಂ ಬಂದದ್ದು ಸೆಪ್ಟೆಂಬರ್ ಶುರುವಿನ ಹುಬ್ಬೆ ಮಳೆಯಲ್ಲಿ. ಜುಲೈನ ಪುನರ್ವಸು ಮಳೆಯಲ್ಲಿ ಬಿತ್ತಿದ ಬೆಳೆಗೆ ಅಷ್ಟೊತ್ತಿಗೆ ಎರಡು ತಿಂಗಳು. ಚೀಲ ನೆನೆದು ಒಳಗೆಲ್ಲ ಹೆಂಟೆ ಕಟ್ಟಿತ್ತು. ಸುತ್ತಿಗೆಯಲ್ಲಿ ಒಡೆದರೂ ಅಡಿಕೆ ಗಾತ್ರದ ಉಂಡೆಗಳೇ. ರೈತರ ಪಾಲಿನ ಹಣ ಕಟ್ಟಿಸಿಕೊಂಡು, ಸಹಿ ಹಾಕಿಸಿಕೊಂಡು ಅದನ್ನೇ ಹಂಚಿದರು. ಕಾಗದದಲ್ಲಿ ಗುರಿ ಮುಟ್ಟಿತು, ಹೊಲಕ್ಕೆ ಏನೂ ಮುಟ್ಟಲಿಲ್ಲ.

ಜಿಪ್ಸಂ ಎಕರೆಗೆ 200 ಕೆಜಿ, ಬಿತ್ತಿದ 30ರಿಂದ 35ನೇ ದಿನ, ಹೂವು ಬಿಟ್ಟು ಊಡು (ಹೂವಿನ ಬುಡದಿಂದ ಮಣ್ಣಿಗಿಳಿದು ಕಾಯಿ ಕಟ್ಟುವ ಕಡ್ಡಿ) ಇಳಿಯುವ ಹೊತ್ತಿಗೆ ಸಾಲಿನ ಬುಡಕ್ಕೆ ಬೀಳಬೇಕು. ಕೊನೆಯ ಕುಂಟೆ ಹೊಡೆದು ಮಣ್ಣು ಏರಿಸುವುದೂ ಆಗಲೇ. ಆಮೇಲೆ ಕುಂಟೆ ಹಾಕಿದರೆ ಊಡು ಕಿತ್ತುಬರುತ್ತದೆ. ಕಡ್ಲೆಕಾಯಿಯ ಗುಣ ಬೇರೆ ಬೆಳೆಯಂತಲ್ಲ. ಬೇರು ಹೀರಿದ ಸುಣ್ಣದಂಶ ಎಲೆಗೆ ಹೋಗುತ್ತದೆ, ಅಲ್ಲಿಂದ ಕೆಳಗಿಳಿದು ಕಾಯಿಗೆ ಬರುವುದಿಲ್ಲ. ಬೆಳೆಯುತ್ತಿರುವ ಕಾಯಿ ತನ್ನ ಸುತ್ತಲ ನಾಲ್ಕು ಬೆರಳು ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ಆ ಮಣ್ಣು ಒಣಗಿತೋ, ಸುಣ್ಣ ಕರಗುವುದೂ ಇಲ್ಲ, ಒಳಗೆ ಹೋಗುವುದೂ ಇಲ್ಲ. ಬುಡ್ಡೆ ದಪ್ಪಗಿರುತ್ತದೆ, ಬಿಡಿಸಿದರೆ ಜೊಳ್ಳು. ಆದ್ದರಿಂದಲೇ ಆಗಸ್ಟ್‌ನ ಆಶ್ಲೇಷ ಮಳೆಯ ತೇವ ಇರುವಾಗ ಜಿಪ್ಸಂ ಕೈಯಲ್ಲಿರಬೇಕು. ಬಿತ್ತನೆಗೆ ಮೊದಲೇ ಕೊಡಿ ಎಂದು ನಾವು ಬಡಿದುಕೊಳ್ಳುತ್ತಿರುವುದು ಈ ಕಾರಣಕ್ಕೆ.

ಜಿಂಕ್ ಮತ್ತು ಬೋರಾನ್‌ ವಿಷಯವೂ ಅಷ್ಟೇ. ಮಣ್ಣಿನಲ್ಲಿ ನೀರು ಓಡಾಡಿದರೆ ತಾನೆ ಬೋರಾನ್ ಬೇರಿಗೆ ಬರುವುದು? ಮಳೆ ಹದಿನೈದು ದಿನ ಕೈಕೊಟ್ಟರೆ ಮೊದಲು ಕೊರತೆ ಬೀಳುವುದೇ ಅದು. ಬೀಜ ಸೀಳಿ ನೋಡಿದರೆ ನಡುವೆ ಟೊಳ್ಳು, ಕಂದು ಕಲೆ. ಜಿಂಕ್ ಸಾಕಷ್ಟಿದ್ದ ಗಿಡದ ಬೇರು ಚೆನ್ನಾಗಿ ಇಳಿಯುತ್ತದೆ, ಬಿಸಿಲಿನ ಹೊಡೆತಕ್ಕೆ ಎಲೆ ಬೇಗ ಸುಡುವುದಿಲ್ಲ. ಕೊನೆಯ ಉಳುಮೆಯಲ್ಲಿ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್, 4 ಕೆಜಿ ಬೋರಾಕ್ಸ್ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಎರಚಬೇಕು. 10 ಕೆಜಿ ಎಂಬುದು ಶೇ 21ರ ಜಿಂಕ್ ಸಲ್ಫೇಟ್‌ನ ಲೆಕ್ಕ. ಚೀಲದ ಮೇಲೆ ಶೇ 33 ಎಂದಿದ್ದರೆ ಆರೂವರೆ ಕೆಜಿ ಸಾಕು, ಅದನ್ನು ಹೇಳಿ ಕೊಡುವವರು ಬೇಕು. ರಂಜಕದ ಗೊಬ್ಬರ ಡಿಎಪಿ ಜೊತೆ ಜಿಂಕ್ ಸಲ್ಫೇಟ್ ಕಲಸಿದರೆ ರಂಜಕವೂ ಜಿಂಕೂ ಕಚ್ಚಿಕೊಂಡು ಎರಡೂ ಗಿಡಕ್ಕೆ ದಕ್ಕುವುದಿಲ್ಲ. ಬೋರಾಕ್ಸ್ ಅಳತೆ ಮೀರಿದರೆ ಎಲೆಯ ಅಂಚು ಸುಡುತ್ತದೆ, ಒಂದೇ ಕಡೆ ಸುರಿಯುವಂತಿಲ್ಲ.

ಇವುಗಳ ಬದಲಿಗೆ ಬರುವುದೇನು? ಎಲೆಗೆ ಸಿಂಪಡಿಸುವ ಅರ್ಧ ಲೀಟರಿನ ಲಘುಪೋಷಕಾಂಶದ ಸೀಸೆ. ಅದರಲ್ಲಿ ಶೇ 3 ಜಿಂಕ್ ಇದೆ ಎಂದೇ ಇಟ್ಟುಕೊಳ್ಳಿ, ಸಿಗುವುದು ಸುಮಾರು 15 ಗ್ರಾಂ. 10 ಕೆಜಿ ಜಿಂಕ್ ಸಲ್ಫೇಟ್‌ನಲ್ಲಿ 2 ಕೆಜಿ 100 ಗ್ರಾಂ ಇದೆ. ಇದು ಸರಿಯೇ, ಸ್ವಾಮಿ?

ಸಿಂಪರಣೆ ಬೇಡವೆಂದಲ್ಲ. ನಿಂತ ಬೆಳೆಯಲ್ಲಿ ಜಿಂಕ್ ಕೊರತೆ ಕಂಡರೆ 200 ಲೀಟರ್ ನೀರಿಗೆ 1 ಕೆಜಿ ಜಿಂಕ್ ಸಲ್ಫೇಟ್, ಅರ್ಧ ಕೆಜಿ ಸುಣ್ಣದ ತಿಳಿ ಸೇರಿಸಿ ಹೊಡೆಯಬೇಕು. ಸುಣ್ಣ ಬಿಟ್ಟರೆ ಎಲೆ ಸುಡುತ್ತದೆ. ಮಳೆ ತಡವಾಗುವ ಸೂಚನೆ ಸಿಕ್ಕರೆ ಅಷ್ಟೇ ನೀರಿಗೆ 2 ಕೆಜಿ ಪೊಟ್ಯಾಸಿಯಂ ನೈಟ್ರೇಟ್. ಇದು ಎಲೆಯ ರಂಧ್ರಗಳು ಹದವಾಗಿ ಮುಚ್ಚಿ ನೀರು ಉಳಿಸಿಕೊಳ್ಳಲು ನೆರವಾಗುತ್ತದೆ. ಗಿಡ ಬಾಡುವ ಮುಂಚೆ, ಬೆಳಗ್ಗೆ ಅಥವಾ ಸಂಜೆ ಹೊಡೆಯಬೇಕು. ನಡುಹಗಲಲ್ಲಿ ಬಾಡಿದ ಗಿಡಕ್ಕೆ ಹೊಡೆದರೆ ಇದ್ದ ಎಲೆಯೂ ಹೋಗುತ್ತದೆ. ಇವ್ಯಾವುವೂ ಮಳೆಗೆ ಬದಲಿಯಲ್ಲ, ಒಂದೆರಡು ವಾರ ತಡೆದುಕೊಳ್ಳುವ ತ್ರಾಣ ಕೊಡುತ್ತವೆ ಅಷ್ಟೆ. ಆ ಎರಡು ವಾರವೇ ನಮ್ಮ ಕಡೆ ಬೆಳೆ ಉಳಿಯುವುದನ್ನು ತೀರ್ಮಾನಿಸುವುದು.

ಇದೇನು ಹೊಸ ಬೇಡಿಕೆಯಲ್ಲ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯಲ್ಲಿ ಇವೇ ಮೂರನ್ನು ಅರ್ಧ ಬೆಲೆಗೆ ಕೊಡುತ್ತಿದ್ದರು. ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಜಿಂಕ್, ಬೋರಾನ್, ಗಂಧಕ ಮೂರೂ ಇವೆ. ಕೊರತೆ ಎಂದು ಬರೆದು ಕೊಡುವವರೂ ನೀವೇ, ಔಷಧ ತಡಮಾಡುವವರೂ ನೀವೇ ಆದರೆ ರೈತ ಯಾರನ್ನು ಕೇಳಬೇಕು?

ಜಿಪ್ಸಂ ಬಿತ್ತನೆ ಬೀಜವಲ್ಲ, ಮೊಳಕೆ ಶಕ್ತಿ ಕಳೆದುಕೊಳ್ಳುವ ಭಯವಿಲ್ಲ. ಸೋರದ ಕೊಠಡಿಯಲ್ಲಿ ಹಲಗೆಯ ಮೇಲೆ ಜೋಡಿಸಿದರೆ ವರ್ಷವಿಡೀ ಇರುತ್ತದೆ. ಟೆಂಡರ್ ತಡವಾಯಿತು ಎಂಬ ಮಾತು ಇನ್ನು ಬೇಡ. ಮಾರ್ಚ್‌ನಲ್ಲೇ ಖರೀದಿಸಿ, ಮೇ ಕೊನೆಯೊಳಗೆ ಹೋಬಳಿಗೆ ತಲುಪಿಸಿ, ಎಷ್ಟು ಚೀಲ ಬಂತೆಂದು ಕೇಂದ್ರದ ಬಾಗಿಲಿಗೆ ಬರೆಸಿ. ಮುಂದಿನ ಆರಿದ್ರಾ ಮಳೆಗೆ ಕೂರಿಗೆ ಹೂಡುವ ಮೊದಲು ಜಿಂಕ್, ಬೋರಾಕ್ಸ್, ಜಿಪ್ಸಂ ನಮ್ಮ ಕೈಗೆ ಕೊಡಿಸಿ.

ಇಂತಿ,
ತುಮಕೂರು ಜಿಲ್ಲೆಯ ಮಳೆಯಾಶ್ರಿತ ಕಡ್ಲೆಕಾಯಿ ಬೆಳೆಗಾರರು